ಹಾಲು ಬಿಡಿಸಿದ ಕೂಸಿಗೆ ಮಾತ್ರ: ಖಲೀಫ ಉಮರ್(ರ) ಹಿಂತೆಗೆದುಕೊಂಡ ಒಂದು ನಿಯಮ

ಹಿಜರಿ 13ರಿಂದ 23ರವರೆಗೆ, ಅಂದರೆ ಕ್ರಿ.ಶ. 634ರಿಂದ 644ರವರೆಗೆ, ಖಿಲಾಫತ್‌ನ ಹೊಣೆ ಹೊತ್ತಿದ್ದ ಹಝ್ರತ್ ಉಮರ್ ಬಿನ್ ಖತ್ತಾಬ್(ರ)ರವರ ನ್ಯಾಯಪರತೆಯ ಪ್ರಸಂಗಗಳನ್ನು ನಾವು ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಹಿಟ್ಟಿನ ಚೀಲವನ್ನು ಬೆನ್ನ ಮೇಲೆ ಹೊತ್ತು ಹಸಿದ ಮಕ್ಕಳ ಬಳಿಗೆ ನಡೆದ ಖಲೀಫರ ಚಿತ್ರ ಎಲ್ಲರ ಮನಸ್ಸಿನಲ್ಲಿಯೂ ಇದೆ. ಆದರೆ ತಾವೇ ಮಾಡಿದ ನಿಯಮವೊಂದರಿಂದ ಹಸುಗೂಸುಗಳಿಗೆ ಕೇಡಾಗುತ್ತಿದೆ ಎಂದು ಅರಿವಾದ ರಾತ್ರಿ ಅದೇ ಖಲೀಫರು ಏನು ಮಾಡಿದರು ಎಂಬುದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಬಡ ತಂದೆತಾಯಿಯರ ಪುಟ್ಟ ಮಕ್ಕಳಿಗೆ ಸಮಾಜ ಏನು ಕೊಡಬೇಕು, ಯಾವ ಷರತ್ತಿನ ಮೇಲೆ ಕೊಡಬೇಕು ಎಂಬ ಪ್ರಶ್ನೆಗೆ ನಮ್ಮ ಚರಿತ್ರೆಯಲ್ಲಿ ದೊರೆಯುವ ಸ್ಪಷ್ಟ ಉತ್ತರ ಆ ರಾತ್ರಿಯಲ್ಲಿದೆ.

ಆ ಪ್ರಸಂಗವನ್ನು ನಾನು ಮತ್ತೆ ತೆರೆದು ಓದಲು ಒಂದು ಕಾರಣವಿದೆ. ವಿಜಯನಗರದ ಆಸುಪಾಸಿನಲ್ಲಿ ನಾನು ಸಂಜೆ ಹೊತ್ತು ಮಕ್ಕಳಿಗೆ ಕುರ್‌ಆನ್ ಕಲಿಸುತ್ತೇನೆ. ಒಂಬತ್ತು ವರ್ಷದ ಬಾಲಕಿಯೊಬ್ಬಳು ಕೆಲವು ದಿನಗಳಿಂದ ತನ್ನ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಪಾಠಕ್ಕೆ ಬರತೊಡಗಿದಳು. ಕೂಸಿಗೆ ಇನ್ನೂ ವರ್ಷ ತುಂಬಿರಲಿಲ್ಲ. ವಿಚಾರಿಸಿದಾಗ, “ಅಮ್ಮಿ ಗಾರ್ಮೆಂಟ್ಸ್‌ಗೆ ಹೋಗ್ತಾರೆ ಹಝ್ರತ್, ಬರೋದು ಏಳು ಗಂಟೆ ಆಗುತ್ತೆ” ಎಂದಳು. ಹಾಗಾದರೆ ಹಗಲಿನಲ್ಲಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ. ಆಕೆ ತಲೆ ತಗ್ಗಿಸಿದಳು. ಎರಡು ತಿಂಗಳಿಂದ ಆಕೆ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ.

ಆ ತಾಯಿಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಮದೀನಾದ ಆ ರಾತ್ರಿಯನ್ನು ನೋಡೋಣ.

ದೀವಾನ್ ಮತ್ತು ಒಂದು ಷರತ್ತು

ಇರಾಕ್, ಶಾಮ್ ಮತ್ತು ಈಜಿಪ್ಟ್‌ಗಳಿಂದ ಸಂಪತ್ತು ಹರಿದುಬರತೊಡಗಿದಾಗ ಅದನ್ನು ಹಂಚುವ ವ್ಯವಸ್ಥಿತ ಕ್ರಮದ ಅಗತ್ಯ ಉಂಟಾಯಿತು. ಉಮರ್(ರ)ರವರು ಸಹಾಬಿಗಳೊಂದಿಗೆ ಸಮಾಲೋಚಿಸಿ, ಪ್ರತಿಯೊಬ್ಬರ ಹೆಸರನ್ನೂ ದಾಖಲಿಸುವ ‘ದೀವಾನ್’ ಎಂಬ ದಫ್ತರವನ್ನು ಸ್ಥಾಪಿಸಿದರು. ಇದು ಹಿಜರಿ 20ರಲ್ಲಿ ನಡೆಯಿತೆಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಹಿಜರಿ 15 ಎಂಬ ಅಭಿಪ್ರಾಯವೂ ಇದೆ. ವಂಶಾವಳಿಗಳನ್ನು ಚೆನ್ನಾಗಿ ಬಲ್ಲ ಅಕೀಲ್ ಬಿನ್ ಅಬೀ ತಾಲಿಬ್, ಮಖ್ರಮಾ ಬಿನ್ ನೌಫಲ್ ಮತ್ತು ಜುಬೈರ್ ಬಿನ್ ಮುತ್‌ಇಮ್(ರ) ಎಂಬ ಮೂವರಿಗೆ ಹೆಸರು ಬರೆಯುವ ಕೆಲಸವನ್ನು ಒಪ್ಪಿಸಲಾಯಿತು. ಬದ್ರ್‌ನಲ್ಲಿ ಭಾಗವಹಿಸಿದವರಿಗೆ ವರ್ಷಕ್ಕೆ 5,000 ದಿರ್ಹಮ್‌ನಿಂದ ಆರಂಭಿಸಿ, ಸೇವೆ ಮತ್ತು ಅಗತ್ಯಕ್ಕೆ ತಕ್ಕಂತೆ ಭತ್ಯೆಗಳು ನಿಗದಿಯಾದವು.

ಈ ಭತ್ಯೆಯಲ್ಲಿ ಮಕ್ಕಳಿಗೂ ಪಾಲಿತ್ತು. ಆದರೆ ಒಂದು ಷರತ್ತು ಇತ್ತು: ತಾಯಿಯ ಹಾಲು ಬಿಡಿಸಿದ ಮಗುವಿಗೆ ಮಾತ್ರ ಭತ್ಯೆ. ಮೇಲ್ನೋಟಕ್ಕೆ ಈ ಷರತ್ತಿನಲ್ಲಿ ತಪ್ಪೇನೂ ಕಾಣುವುದಿಲ್ಲ. ಎದೆಹಾಲು ಕುಡಿಯುವ ಕೂಸಿಗೆ ಪ್ರತ್ಯೇಕ ಆಹಾರ ಬೇಕಿಲ್ಲ, ಅನ್ನ ತಿನ್ನಲು ಆರಂಭಿಸಿದಾಗಲೇ ಮನೆಯ ಖರ್ಚು ಹೆಚ್ಚುತ್ತದೆ. ಯಾವ ಕಚೇರಿಯ ಯಾವ ಗುಮಾಸ್ತನಾದರೂ ಒಪ್ಪುವಂತಹ ತರ್ಕವಿದು.

ಇಬ್ನ್ ಸಅದ್ ತಮ್ಮ ‘ತಬಕಾತ್’ ಗ್ರಂಥದಲ್ಲಿ ಮುಂದಿನ ಘಟನೆಯನ್ನು ದಾಖಲಿಸಿದ್ದಾರೆ. ವ್ಯಾಪಾರಿಗಳ ತಂಡವೊಂದು ಮದೀನಾಕ್ಕೆ ಬಂದು ಈದ್ ನಮಾಝ್‌ನ ಬಯಲಿನಲ್ಲಿ ಬೀಡುಬಿಟ್ಟಿತು. ರಾತ್ರಿ ಕಳ್ಳರ ಭಯವಿರಬಾರದೆಂದು ಉಮರ್(ರ)ರವರು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರವರನ್ನು ಜೊತೆಗೆ ಕರೆದುಕೊಂಡು ಸ್ವತಃ ಕಾವಲಿಗೆ ನಿಂತರು. ಇಬ್ಬರೂ ನಮಾಝ್ ಮಾಡುತ್ತ ಎಚ್ಚರವಾಗಿದ್ದಾಗ ಮಗುವೊಂದು ಅಳುವ ಸದ್ದು ಕೇಳಿಸಿತು. ಉಮರ್(ರ)ರವರು ಆ ಕಡೆಗೆ ಹೋಗಿ, ಅಲ್ಲಾಹನನ್ನು ಭಯಪಟ್ಟು ಮಗುವನ್ನು ಚೆನ್ನಾಗಿ ನೋಡಿಕೊಳ್ಳುವಂತೆ ತಾಯಿಗೆ ಹೇಳಿ ಹಿಂದಿರುಗಿದರು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅಳು. ಮತ್ತೆ ಹೋಗಿ ಅದನ್ನೇ ಹೇಳಿದರು. ರಾತ್ರಿಯ ಕೊನೆಯ ಜಾವದಲ್ಲಿ ಮೂರನೆಯ ಬಾರಿ ಅಳು ಕೇಳಿದಾಗ ಅವರು ಆ ತಾಯಿಯನ್ನು ಗದರಿಸಿ, ರಾತ್ರಿಯಿಡೀ ಮಗುವಿಗೆ ನೆಮ್ಮದಿಯೇ ಇಲ್ಲವಲ್ಲ, ಕಾರಣವೇನು ಎಂದು ಕೇಳಿದರು.

ಎದುರಿಗಿರುವವರು ಖಲೀಫರೆಂದು ಆಕೆಗೆ ಗೊತ್ತಿರಲಿಲ್ಲ. ರಾತ್ರಿಯೆಲ್ಲ ಪೀಡಿಸುತ್ತಿರುವ ಈ ಅಪರಿಚಿತನ ಮೇಲೆ ಬೇಸತ್ತು ಆಕೆ ನಿಜವನ್ನೇ ಹೇಳಿದಳು: ತಾನು ಮಗುವಿಗೆ ಹಾಲು ಬಿಡಿಸಲು ಯತ್ನಿಸುತ್ತಿದ್ದೇನೆ, ಅದು ಒಪ್ಪುತ್ತಿಲ್ಲ. ಏಕೆ ಬಿಡಿಸುತ್ತಿರುವೆ ಎಂಬ ಪ್ರಶ್ನೆಗೆ, ಹಾಲು ಬಿಡಿಸಿದ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ ಎಂದಳು. ಮಗುವಿನ ವಯಸ್ಸನ್ನು ಕೇಳಿದರು. ಕೆಲವೇ ತಿಂಗಳುಗಳಾಗಿದ್ದವು. ಅವಸರ ಮಾಡಬೇಡವೆಂದು ಹೇಳಿ ಅವರು ಅಲ್ಲಿಂದ ಹೊರಟರು.

ಅಂದಿನ ಫಜ್ರ್ ನಮಾಝ್‌ನಲ್ಲಿ ಅವರ ಅಳುವಿನಿಂದಾಗಿ ಕಿರಾಅತ್ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ಸಲಾಮ್ ಹೇಳಿದ ಬಳಿಕ ಅವರು ತಮ್ಮನ್ನೇ ಶಪಿಸಿಕೊಂಡರು. ಮುಸ್ಲಿಮರ ಎಷ್ಟು ಮಕ್ಕಳ ಸಾವಿಗೆ ತಾನು ಕಾರಣನಾದೆನೋ ಎಂದು ಮರುಗಿದರು. ಅನಂತರ ಡಂಗುರ ಸಾರಿಸಿದರು: ಯಾರೂ ಅವಸರದಿಂದ ಹಾಲು ಬಿಡಿಸಬೇಡಿ, ಇನ್ನು ಹುಟ್ಟುವ ಪ್ರತಿ ಮಗುವಿಗೂ ಭತ್ಯೆ ಇದೆ. ಇದೇ ಆದೇಶವನ್ನು ಎಲ್ಲ ಪ್ರಾಂತ್ಯಗಳಿಗೂ ಬರೆದು ಕಳುಹಿಸಲಾಯಿತು. ನವಜಾತ ಶಿಶುವಿಗೆ 100 ದಿರ್ಹಮ್, ಬೆಳೆದಂತೆ 200 ದಿರ್ಹಮ್, ಪ್ರಾಯಕ್ಕೆ ಬಂದಾಗ ಇನ್ನೂ ಹೆಚ್ಚು. ಯಾರೋ ಬಿಟ್ಟುಹೋದ ಅನಾಥ ಶಿಶು ಸಿಕ್ಕಿದರೆ ಅದಕ್ಕೂ ಭತ್ಯೆ ನಿಗದಿಯಾಯಿತು, ಹಾಲೂಡಿಸುವ ಖರ್ಚನ್ನು ಬೈತುಲ್ ಮಾಲ್ ಭರಿಸಿತು.

ಈ ಘಟನೆಯಲ್ಲಿ ಗಮನಿಸಬೇಕಾದ ಸಂಗತಿಗಳು ಹಲವು. ಆ ತಾಯಿ ಕ್ರೂರಿಯಾಗಿರಲಿಲ್ಲ. ಆಕೆ ನಿಯಮಕ್ಕೆ ತಕ್ಕಂತೆ ನಡೆದುಕೊಂಡಳು. ಮಗುವಿಗೆ ಪೂರ್ಣ ಎರಡು ವರ್ಷ ಹಾಲೂಡಿಸುವ ಬಗ್ಗೆ, ಆ ಅವಧಿಯಲ್ಲಿ ತಾಯಿಯ ಅನ್ನವಸ್ತ್ರದ ಹೊಣೆ ತಂದೆಯದೆಂಬ ಬಗ್ಗೆ, ಬೇಗನೆ ಹಾಲು ಬಿಡಿಸುವುದಾದರೆ ಇಬ್ಬರೂ ಸಮಾಲೋಚಿಸಿ ಒಪ್ಪಬೇಕೆಂಬ ಬಗ್ಗೆ ಸೂರಃ ಅಲ್ ಬಕರಃದ 233ನೇ ವಚನ ಮಾರ್ಗದರ್ಶನ ನೀಡುತ್ತದೆ. ಅಲ್ಲಾಹನು ಮಗುವಿಗೆ ಕೊಟ್ಟ ಆ ಹಕ್ಕನ್ನು ಖಜಾನೆಯ ಒಂದು ಷರತ್ತು ಸದ್ದಿಲ್ಲದೆ ಕಿತ್ತುಕೊಂಡಿತ್ತು. ಮದೀನಾದಲ್ಲಿ ಯಾರೂ ದೂರು ಕೊಟ್ಟಿರಲಿಲ್ಲ. ಷರತ್ತಿನ ಭಾರ ಬಿದ್ದದ್ದು ಮಾತನಾಡಲಾರದ ಕೂಸಿನ ಮೇಲೆ; ಅಳುವುದರ ಹೊರತು ಅದು ಬೇರೇನು ಮಾಡೀತು? ಖಲೀಫರಿಗೆ ಅದು ತಿಳಿದದ್ದು, ಅವರು ರಾತ್ರಿ ಅಳು ಕೇಳುವಷ್ಟು ಹತ್ತಿರದಲ್ಲಿದ್ದುದರಿಂದ.

ಪ್ರವಾದಿವರ್ಯರ(ಸ) ಮಾದರಿಯೂ ಇದೇ ಆಗಿತ್ತು. ನಮಾಝನ್ನು ದೀರ್ಘವಾಗಿ ನಿರ್ವಹಿಸಬೇಕೆಂದು ನಿಂತಾಗ ಹಿಂದಿನ ಸಾಲಿನಿಂದ ಮಗುವಿನ ಅಳು ಕೇಳಿದರೆ, ತಾಯಿಯ ಸಂಕಟವನ್ನು ನೆನೆದು ಅವರು ನಮಾಝನ್ನು ಚಿಕ್ಕದಾಗಿಸುತ್ತಿದ್ದರೆಂದು ಬುಖಾರಿಯ ಹದೀಸ್ ತಿಳಿಸುತ್ತದೆ.

ಸಣ್ಣ ಅಗತ್ಯಗಳಿಗೂ ವಕ್ಫ್

ಮುಂದಿನ ಶತಮಾನಗಳಲ್ಲಿ ಈ ಕಾಳಜಿಯ ಹೆಚ್ಚಿನ ಭಾಗವನ್ನು ವಕ್ಫ್‌ಗಳು ಹೊತ್ತುಕೊಂಡವು. 1326ರಲ್ಲಿ ದಮಾಸ್ಕಸ್‌ಗೆ ಬಂದ ಯಾತ್ರಿಕ ಇಬ್ನ್ ಬತೂತ ಅಲ್ಲಿನ ವಕ್ಫ್‌ಗಳ ವೈವಿಧ್ಯವನ್ನು ಕಂಡು ಬೆರಗಾದರು. ಹಜ್ಜ್‌ಗೆ ಹೋಗಲಾರದವರಿಗೊಂದು, ಬಡ ಹೆಣ್ಣುಮಕ್ಕಳ ಮದುವೆಯ ಸಾಮಾನಿಗೊಂದು, ಸೆರೆಯಾಳುಗಳ ಬಿಡುಗಡೆಗೊಂದು, ರಸ್ತೆ ಸರಿಪಡಿಸಲೊಂದು. ಒಂದು ದಿನ ಬೀದಿಯಲ್ಲಿ ಎಳೆಯ ಸೇವಕನೊಬ್ಬ ಕೈಜಾರಿ ಚೀನಾದ ಪಿಂಗಾಣಿ ತಟ್ಟೆಯನ್ನು ಒಡೆದುಹಾಕಿ ಕಂಗಾಲಾಗಿ ನಿಂತಿದ್ದ. ದಾರಿಹೋಕರು ಚೂರುಗಳನ್ನು ಆಯ್ದುಕೊಂಡು ಪಾತ್ರೆಗಳ ವಕ್ಫ್‌ನ ಮೇಲ್ವಿಚಾರಕನ ಬಳಿಗೆ ಹೋಗುವಂತೆ ಅವನಿಗೆ ಹೇಳಿದರು. ಆ ಚೂರುಗಳನ್ನು ನೋಡಿ ಮೇಲ್ವಿಚಾರಕ ಹೊಸ ತಟ್ಟೆಯ ಬೆಲೆ ಕೊಟ್ಟ. ಇಲ್ಲದಿದ್ದರೆ ಯಜಮಾನನ ಏಟು ಆ ಹುಡುಗನಿಗೆ ಕಾದಿತ್ತು.

ಒಂದು ತಟ್ಟೆಗಾಗಿ ವಕ್ಫ್ ಏಕೆ ಎಂದು ಯಾರೂ ಕೇಳಲಿಲ್ಲ. ದೊಡ್ಡ ದಾನಗಳು ತಲುಪದ ಸಣ್ಣ ಅಗತ್ಯಗಳಲ್ಲಿಯೇ ದುರ್ಬಲರ ಮಾನ ಅಡಗಿರುತ್ತದೆ ಎಂಬುದನ್ನು ಆ ಊರಿನವರು ಬಲ್ಲವರಾಗಿದ್ದರು. ಇಂದಿನ ಕೂಸಿನ ವಿಷಯದಲ್ಲಿ ಆ ಸಣ್ಣ ಅಗತ್ಯಗಳು ಯಾವುವು? ತೊಟ್ಟಿಲ ಬಟ್ಟೆ, ರಬ್ಬರ್ ಶೀಟು, ಡೈಪರ್, ಸಾಬೂನು, ಸೊಳ್ಳೆಪರದೆ, ಹಾಲು; ಮತ್ತು ತಾಯಿ ದುಡಿಯಲು ಹೋದಾಗ ಮಗುವನ್ನು ನೋಡಿಕೊಳ್ಳುವ ಒಂದು ಜೊತೆ ಕೈ.

ನಮ್ಮ ನಾಡಿನ ಯೋಜನೆಗಳು ಮತ್ತು ಅವುಗಳ ಷರತ್ತುಗಳು

ಆಧುನಿಕ ಕಾಲದಲ್ಲಿ ಈ ಹೊಣೆಯನ್ನು ಸರಕಾರಗಳು ಹೊತ್ತಿವೆ. ಫಿನ್ಲೆಂಡ್ ದೇಶ 1938ರಲ್ಲಿ ಬಡ ತಾಯಂದಿರಿಗೆ ಮಗುವಿನ ಬಟ್ಟೆಬರೆ ತುಂಬಿದ ಪೆಟ್ಟಿಗೆಯನ್ನು ಕೊಡಲಾರಂಭಿಸಿತು. ಆ ಪೆಟ್ಟಿಗೆಯೇ ಅನೇಕ ಮನೆಗಳಲ್ಲಿ ತೊಟ್ಟಿಲೂ ಆಯಿತು. 1949ರಲ್ಲಿ ಆದಾಯದ ಷರತ್ತನ್ನು ತೆಗೆದುಹಾಕಿ, ಗರ್ಭಿಣಿಯಾಗಿದ್ದಾಗ ಸಕಾಲದಲ್ಲಿ ವೈದ್ಯಕೀಯ ತಪಾಸಣೆ ಮಾಡಿಸಿಕೊಂಡ ಎಲ್ಲ ತಾಯಂದಿರಿಗೂ ಅದನ್ನು ವಿಸ್ತರಿಸಿದರು. ಅಲ್ಲಿಯೂ ಉಳಿದದ್ದು ಒಂದು ಷರತ್ತೇ. ಆದರೆ ಅದು ತಾಯಿಯನ್ನು ಆರೋಗ್ಯದ ಕಡೆಗೆ ಕರೆದೊಯ್ಯುವ ಷರತ್ತು. ಮದೀನಾದ ಮೊದಲ ನಿಯಮ ಮಗುವನ್ನು ಹಾಲಿನಿಂದ ದೂರ ಎಳೆಯುತ್ತಿತ್ತು. ಎರಡು ಷರತ್ತುಗಳ ನಡುವಿನ ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ನಾಡಿನ ಕಡೆಗೆ ಬರೋಣ.

ಕರ್ನಾಟಕದಲ್ಲಿ 2007ರಲ್ಲಿ ಬಂದ ‘ಮಡಿಲು’ ಯೋಜನೆ ಇದೇ ಬಗೆಯದು. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಂದಿರ ಕೈಗೆ 19 ವಸ್ತುಗಳ ಕಿಟ್ ಬರುತ್ತಿತ್ತು. ಸೊಳ್ಳೆಪರದೆ, ಹೊದಿಕೆ, ಸಾಬೂನು, ಮಗುವಿನ ಉಡುಪು ಮೊದಲಾದವು ಅದರಲ್ಲಿದ್ದವು. ಬಾಣಂತಿಗೆ ತವರಿನಿಂದ ಬರಬೇಕಾದುದನ್ನು ಸರಕಾರ ಕೊಡುತ್ತಿದೆ ಎಂಬ ಭಾವ ಆ ಹೆಸರಿನಲ್ಲಿಯೇ ಇತ್ತು. ಬಡತನ ರೇಖೆಯ ಕೆಳಗಿನ ಕುಟುಂಬದ ಕಾರ್ಡು ಇರಬೇಕು, ಮೊದಲ ಎರಡು ಮಕ್ಕಳಿಗೆ ಮಾತ್ರ ಎಂಬ ಷರತ್ತುಗಳೂ ಇದ್ದವು. ಸರಕಾರಿ ಆಸ್ಪತ್ರೆಗೆ ಬರಬೇಕೆಂಬ ಷರತ್ತು ಮನೆಯ ಹೆರಿಗೆಯ ಅಪಾಯವನ್ನು ತಪ್ಪಿಸುವಂತಹದು. ಆದರೆ ಮೂರನೆಯದಾಗಿ ಹುಟ್ಟಿದ ಕೂಸಿಗೆ ಸೊಳ್ಳೆ ಕಚ್ಚುವುದಿಲ್ಲವೇ ಎಂಬ ಪ್ರಶ್ನೆಗೆ ಎರಡು ಮಕ್ಕಳ ಷರತ್ತಿನಲ್ಲಿ ಉತ್ತರವಿಲ್ಲ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, ಬೇರೆ ಕಾನೂನಿನಡಿ ಸೌಲಭ್ಯ ಪಡೆಯುವವರನ್ನು ಬಿಟ್ಟು ಉಳಿದ ಎಲ್ಲ ಗರ್ಭಿಣಿಯರಿಗೂ ಬಾಣಂತಿಯರಿಗೂ ಕನಿಷ್ಠ 6,000 ರೂಪಾಯಿಯ ಸಹಾಯಧನದ ಹಕ್ಕನ್ನು ಕೊಟ್ಟಿತು. ಆದರೆ 2017ರಲ್ಲಿ ಜಾರಿಗೆ ಬಂದ ಮಾತೃ ವಂದನಾ ಯೋಜನೆಯಲ್ಲಿ ಅದು ಮೊದಲ ಮಗುವಿಗೆ ಮಾತ್ರ, 5,000 ರೂಪಾಯಿ ಎಂದಾಯಿತು. 2022ರ ಪರಿಷ್ಕರಣೆಯಲ್ಲಿ ಎರಡನೆಯ ಮಗು ಹೆಣ್ಣಾಗಿದ್ದರೆ ಅದಕ್ಕೂ ನೆರವು ಸೇರಿತು.

ಆಹಾರದ ವಿಷಯದಲ್ಲಿ ನಮ್ಮ ದೇಶದ ಸಾಧನೆ ಸಣ್ಣದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಮೈಸೂರು ಜಿಲ್ಲೆಯ ತಿ. ನರಸೀಪುರ ಅವುಗಳಲ್ಲೊಂದಾಗಿತ್ತು. ಇಂದು ನಮ್ಮ ಓಣಿಗಳಲ್ಲಿರುವ ಅಂಗನವಾಡಿಗಳು ಆ ಯೋಜನೆಯವೇ. 2013ರಲ್ಲಿ ಬಂದ ಕ್ಷೀರಭಾಗ್ಯ ಅಂಗನವಾಡಿಯ ಮಕ್ಕಳಿಗೆ ಹಾಲು ತಂದಿತು. 2017ರ ಅಕ್ಟೋಬರ್ 2ರಂದು ಚಾಲನೆ ಪಡೆದ ಮಾತೃಪೂರ್ಣ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ ತಂದಿತು. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿರುವ, ಅಂಗನವಾಡಿ ಇಲ್ಲದ ಬಡಾವಣೆ ಅಥವಾ ಕೊಳೆಗೇರಿಯ ನಿವಾಸಿಗಳು ಬೇಡಿಕೆ ಸಲ್ಲಿಸಿದರೆ ಮೂರು ತಿಂಗಳೊಳಗೆ ಅಂಗನವಾಡಿ ತೆರೆಯಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಆದೇಶಿಸಿತು. ನಮ್ಮ ಎಷ್ಟು ಮೊಹಲ್ಲಾಗಳ ಹಿರಿಯರಿಗೆ ಈ ಆದೇಶದ ಅರಿವಿದೆ?

ಪಶ್ಚಿಮ ಬೆಂಗಳೂರಿನ ತಾಯಂದಿರು

ಆದರೆ ಅಂಗನವಾಡಿಯ ತರಗತಿ ಮೂರು ವರ್ಷ ತುಂಬಿದ ಮಕ್ಕಳಿಗೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಪೌಷ್ಟಿಕ ಆಹಾರ ಸಿಗುತ್ತದೆ, ಹಗಲಿಡೀ ನೋಡಿಕೊಳ್ಳುವ ಜಾಗ ಸಿಗುವುದಿಲ್ಲ. ದೊಡ್ಡ ಮಕ್ಕಳೂ ತಾಯಿಯ ಪಾಳಿ ಮುಗಿಯುವ ಮೊದಲೇ ಮನೆಗೆ ಬರುತ್ತಾರೆ. ಈ ಕೊರತೆಯ ಚರಿತ್ರೆ ಪಶ್ಚಿಮ ಬೆಂಗಳೂರಿನ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ.

ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರಿನಲ್ಲಿ 1949ರಲ್ಲಿ ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ರೂಪುಗೊಂಡಿತು. ಅದರ ಹಿಂದಿನ ವರ್ಷವಷ್ಟೇ ದೇಶಕ್ಕೆ ಕಾರ್ಖಾನೆ ಕಾಯ್ದೆ ಬಂದಿತ್ತು. 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು ಅದರ 48ನೇ ಕಲಮು ವಿಧಿಸಿತು. 1976ರ ತಿದ್ದುಪಡಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಿತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಂದ ತಿದ್ದುಪಡಿ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿ, ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರುವ ಹಕ್ಕನ್ನು ಕೊಟ್ಟಿತು. ಕಾನೂನಿನಲ್ಲಿ ಕರುಣೆ ಇದೆ. ಆದರೆ ಅದು ತಲೆ ಎಣಿಸಿ ಆರಂಭವಾಗುವ ಕರುಣೆ. ಎಣಿಕೆಗೆ ಸಾಲದಷ್ಟು ಜನರಿರುವ ಸಣ್ಣ ಹೊಲಿಗೆ ಘಟಕದ ತಾಯಿ, ಮನೆಗೆಲಸಕ್ಕೆ ಹೋಗುವ ತಾಯಿ ಆ ಲೆಕ್ಕದ ಹೊರಗೆ ಉಳಿದರು.

ಮನೆಯಲ್ಲಿಯೇ ಕುಳಿತು ದುಡಿದವರೂ ಹೊರಗೆ ಉಳಿದರು. ಮಾಗಡಿ ರಸ್ತೆ, ಮೈಸೂರು ರಸ್ತೆಗಳ ಹಿಂದಿನ ಓಣಿಗಳಲ್ಲಿ ನಮ್ಮ ಸಮುದಾಯದ ಎಷ್ಟೋ ತಾಯಂದಿರು ಅಗರಬತ್ತಿ ಹೊಸೆದು ಮಕ್ಕಳನ್ನು ಸಾಕಿದ್ದಾರೆ. ಸಾವಿರ ಕಡ್ಡಿಗೆ ಇಷ್ಟು ಎಂಬ ಕೂಲಿ. ಇದ್ದಿಲ ಪುಡಿ ಕಲಸಿದ ಮಣೆಯ ಪಕ್ಕದಲ್ಲಿಯೇ ಕೂಸನ್ನು ಮಲಗಿಸಿಕೊಳ್ಳಬೇಕು. ಯಂತ್ರಗಳು ಬಂದ ಮೇಲೆ ಕೈಹೊಸೆತದ ಕೆಲಸ ಕಡಿಮೆಯಾಯಿತು. ಹೊರಗೆ ದುಡಿಯಲು ಹೊರಟವರಿಗೆ ಮಗುವನ್ನು ಯಾರ ಬಳಿ ಬಿಡುವುದೆಂಬ ಪ್ರಶ್ನೆ ಎದುರಾಯಿತು. ದುಡಿಯುವ ತಾಯಂದಿರ ಮಕ್ಕಳಿಗಾಗಿ ಕೇಂದ್ರ ಸರಕಾರದ ಶಿಶುಪಾಲನಾ ಯೋಜನೆ 2006ರಲ್ಲಿ ಹೊಸ ರೂಪ ಪಡೆಯಿತು. 2022ರಿಂದ ‘ಪಾಲನಾ’ ಹೆಸರಿನಲ್ಲಿ ಅಂಗನವಾಡಿಯೊಂದಿಗೇ ಶಿಶುಪಾಲನಾ ಕೇಂದ್ರ ನಡೆಸುವ ಮಾದರಿ ಬಂದಿದೆ. ಉದ್ಯೋಗ ಖಾತರಿಯಲ್ಲಿ ದುಡಿಯುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 2023ರಲ್ಲಿ ನಮ್ಮ ರಾಜ್ಯ ಘೋಷಿಸಿದ ‘ಕೂಸಿನ ಮನೆ’ ಗ್ರಾಮ ಪಂಚಾಯಿತಿಗಳದು. ನಗರದ ಓಣಿಯ ಕೂಸನ್ನು ಇಂದಿಗೂ ಹೆಚ್ಚಾಗಿ ನೋಡಿಕೊಳ್ಳುತ್ತಿರುವುದು ಅಜ್ಜಿ, ನೆರೆಮನೆಯಾಕೆ, ಇಲ್ಲವೇ ಶಾಲೆ ಬಿಟ್ಟ ಅಕ್ಕ.

ನಾನು ಬರೆದ ನಮೂನೆ

ಈಗ ಆ ಬಾಲಕಿಯ ತಾಯಿಯ ವಿಷಯ. ಆಕೆಯ ಗಂಡ ಬಾಡಿಗೆ ಆಟೊ ಓಡಿಸುತ್ತಾರೆ. ಇಬ್ಬರ ದುಡಿಮೆ ಬಾಡಿಗೆಗೆ, ಸಾಲದ ಕಂತಿಗೆ, ಊಟಕ್ಕೆ ಸರಿಹೋಗುತ್ತದೆ. ಕಳೆದ ರಮಝಾನ್‌ನಲ್ಲಿ ಆಕೆ ನಮ್ಮ ಮೊಹಲ್ಲಾದ ಝಕಾತ್ ನೆರವಿಗೆ ಅರ್ಜಿ ಹಾಕಿದ್ದರು. ನೆರವನ್ನು ವಿಧವೆಯರಿಗೆ, ಅನಾಥರಿಗೆ, ದುಡಿಯಲಾಗದವರಿಗೆ ಎಂದು ನಿಗದಿಪಡಿಸಲಾಗಿತ್ತು. ಗಂಡ ಇದ್ದಾರೆ, ತಾನೂ ಸಂಬಳ ಪಡೆಯುತ್ತಾರೆ ಎಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಅಂದು ಅರ್ಜಿಗಳನ್ನು ಪರಿಶೀಲಿಸುತ್ತ ಕುಳಿತಿದ್ದವನು ನಾನೇ. ಆ ನಮೂನೆಯ ಷರತ್ತುಗಳನ್ನು ಬರೆದವನೂ ನಾನೇ. ಅರ್ಜಿ ಹಿಂದಿರುಗಿಸಿದಾಗ ಆಕೆ ಕೇಳಿದ ಮಾತು ಆಗ ನನಗೆ ಉದ್ಧಟತನವೆನಿಸಿತ್ತು: “ಹಾಗಾದ್ರೆ ಕೆಲಸ ಬಿಟ್ಟು ಬಂದ್ರೆ ಕೊಡ್ತೀರಾ, ಹಝ್ರತ್?”

ಆಕೆ ಕೆಲಸ ಬಿಡಲಿಲ್ಲ. ಮಗಳ ಶಾಲೆ ಬಿಡಿಸಿದರು. ಮದೀನಾದ ಆ ತಾಯಿ ಖಲೀಫರಿಗೆ ಹೇಳಿದ್ದೂ ಈ ತಾಯಿ ನನಗೆ ಹೇಳಿದ್ದೂ ಒಂದೇ ಎಂದು ತಿಳಿಯಲು ನನಗೆ ಇಷ್ಟು ತಿಂಗಳು ಬೇಕಾದವು.

ಫಿಕ್ಹ್‌ನ ಗ್ರಂಥಗಳನ್ನು ತೆರೆದಾಗ ನನ್ನ ನಾಚಿಕೆ ಹೆಚ್ಚಾಯಿತು. ಮೂಲಭೂತ ಅಗತ್ಯಗಳನ್ನು ಮೀರಿ ನಿಸಾಬ್‌ನಷ್ಟು ಸಂಪತ್ತು ಇಲ್ಲದವರು ಆರೋಗ್ಯವಂತರಾಗಿದ್ದರೂ ದುಡಿಯುತ್ತಿದ್ದರೂ ಝಕಾತ್‌ಗೆ ಅರ್ಹರು ಎಂಬುದು ಹನಫಿ ವಿದ್ವಾಂಸರ ಅಭಿಪ್ರಾಯ. ಸೂರಃ ಅಲ್ ಕಹ್ಫ್‌ನ 79ನೇ ವಚನದಲ್ಲಿ ಬರುವ ನಾವಿಕರಿಗೆ ಸ್ವಂತ ದೋಣಿ ಇತ್ತು, ಅವರು ಸಮುದ್ರದಲ್ಲಿ ದುಡಿಯುತ್ತಿದ್ದರು. ಆದರೂ ಕುರ್‌ಆನ್ ಅವರನ್ನು ಮಿಸ್ಕೀನರೆಂದೇ ಕರೆದಿದೆ. ದುಡಿಮೆಯಿದ್ದೂ ಸಾಲದಿರುವ ಸ್ಥಿತಿಗೆ ಶಾಫಿಈ ವಿದ್ವಾಂಸರು ಇದೇ ವಚನವನ್ನು ಆಧಾರವಾಗಿ ತೋರಿಸುತ್ತಾರೆ. ಶರೀಅತ್ ಹಾಕದ ಬೇಲಿಯನ್ನು ನಾನು ಒಂದು ಕಾಗದದ ಮೇಲೆ ಹಾಕಿದ್ದೆ.

ಷರತ್ತುಗಳೇ ಬೇಡವೆಂದು ನಾನು ಹೇಳುವುದಿಲ್ಲ. ಝಕಾತ್ ಅಮಾನತ್ತು, ಅದನ್ನು ಹಂಚುವವನು ವಿಚಾರಿಸಲೇಬೇಕು. ಆದರೆ ಪ್ರತಿ ಷರತ್ತನ್ನು ಬರೆಯುವಾಗಲೂ ಒಂದು ಪ್ರಶ್ನೆ ಕೇಳಬೇಕು: ಇದನ್ನು ಪೂರೈಸಲು ಈ ಮನೆಯವರು ಏನನ್ನು ಬಿಡಬೇಕಾಗುತ್ತದೆ, ಅದರ ಭಾರ ಮನೆಯಲ್ಲಿ ಯಾರ ಮೇಲೆ ಬೀಳುತ್ತದೆ? ಉತ್ತರ ಒಂದು ಮಗುವಾದರೆ ಷರತ್ತನ್ನು ಅಳಿಸಬೇಕು.

ನಮ್ಮ ಮೊಹಲ್ಲಾದಲ್ಲಿ ಈಗ ಆ ನಮೂನೆಯನ್ನು ತಿದ್ದಿದ್ದೇವೆ. ದುಡಿಯುವ ತಂದೆತಾಯಿ ಎಂಬ ಒಂದು ಸಾಲು ಸೇರಿದೆ. ಎರಡು ವರ್ಷದೊಳಗಿನ ಮಕ್ಕಳಿರುವ ಮನೆಗೆ ಅಕ್ಕಿ ಖರ್ಜೂರದ ಜೊತೆ ಹಾಲು, ಬಟ್ಟೆ, ಡೈಪರ್, ಸಾಬೂನು ಕೊಡುವುದೆಂದು ನಿರ್ಧರಿಸಿದ್ದೇವೆ. ಆ ಓಣಿಯ ಹಿರಿಯ ತಾಯಿಯೊಬ್ಬರು ತಿಂಗಳಿಗೆ ಇಷ್ಟೆಂಬ ಗೌರವಧನ ಪಡೆದು ನಾಲ್ಕು ಕೂಸುಗಳನ್ನು ಹಗಲಿನಲ್ಲಿ ನೋಡಿಕೊಳ್ಳಲು ಒಪ್ಪಿದ್ದಾರೆ; ಆ ಗೌರವಧನ ಸದಕಾದ ಹಣದಿಂದ ಸಲ್ಲುತ್ತದೆ. ಹತ್ತಿರದ ಅಂಗನವಾಡಿಯಲ್ಲಿ ತಾಯಂದಿರ ಹೆಸರು ನೋಂದಾಯಿಸಲು ಇಬ್ಬರು ಯುವಕರು ಜೊತೆಗೆ ಹೋಗುತ್ತಿದ್ದಾರೆ. ಇವೆಲ್ಲ ಸಣ್ಣ ಕೆಲಸಗಳು. ಆ ಬಾಲಕಿ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಕಳೆದುಹೋದ ಎರಡು ತಿಂಗಳ ಗಣಿತ ಅವಳಿಗೆ ಇನ್ನೂ ಕಷ್ಟವಾಗುತ್ತಿದೆ.

ರಮಝಾನ್‌ಗೆ ಮುನ್ನ ಪ್ರತಿ ಮಸೀದಿಯ ಹೊಣೆಗಾರರೂ ತಮ್ಮ ಅರ್ಜಿ ನಮೂನೆಯನ್ನು ಒಮ್ಮೆ ಓದಿನೋಡಬೇಕೆಂದು ಕೋರುತ್ತೇನೆ. ನಮ್ಮ ನಿಯಮಗಳಿಂದ ಯಾವ ಕೂಸಿಗೂ ಕೇಡಾಗದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ತಪ್ಪು ತಿಳಿದ ಮರುದಿನ ಬೆಳಿಗ್ಗೆಯೇ ಅದನ್ನು ತಿದ್ದುವ ಮನಸ್ಸನ್ನು ನಮಗೆ ಕರುಣಿಸಲಿ, ಆಮೀನ್.